ವೆಸ್ಟ್ ಇಂಡೀಸಿನ ಭಾನುವಾರದ ಗಡಿಗೆಯಲ್ಲಿ ನಮ್ಮ ತೊಗರಿ

ವೆಸ್ಟ್ ಇಂಡೀಸ್ ಅಂದರೆ ನಮ್ಮ ಕಡೆಯ ರೈತರಿಗೆ, ವ್ಯಾಪಾರಸ್ಥರಿಗೆ ಗೊತ್ತಿರುವುದು ಕ್ರಿಕೆಟ್ಟು ಒಂದೇ. ನಮ್ಮ ಅಪ್ಪಂದಿರು ರೇಡಿಯೋ ಕಿವಿಗೆ ಹಚ್ಚಿಕೊಂಡು ಕನ್ಹಾಯ್, ಕಾಳಿಚರಣ್ ಅಂತ ಹೆಸರು ಹೇಳುತ್ತಿದ್ದರು. ನಮ್ಮ ಕಾಲಕ್ಕೆ ಚಂದ್ರಪಾಲ್ ಬಂದ. 1971ರಲ್ಲಿ ಆ ದ್ವೀಪಗಳಲ್ಲಿ ಆಡಿ ಹೆಸರು ಮಾಡಿದ ಸುನಿಲ್ ಗಾವಸ್ಕರ್ ತಮ್ಮ ಮಗನಿಗೆ ರೋಹನ್ ಅಂತ ಹೆಸರಿಟ್ಟದ್ದು ರೋಹನ್ ಕನ್ಹಾಯ್ ಮೇಲಿನ ಅಭಿಮಾನದಿಂದ. ಏಳು ಸಮುದ್ರದ ಆಚೆ ಇರುವ ಊರಿನವರಿಗೆ ಕೃಷ್ಣ, ಕಾಳಿ, ಚಂದ್ರನ ಹೆಸರು ಹೆಂಗೆ ಬಂತು ಅಂತ ಅವಾಗ ಯಾರೂ ನಮಗೆ ಹೇಳಲಿಲ್ಲ. ಆ ಪ್ರಶ್ನೆಗೆ ಉತ್ತರ ಇತಿಹಾಸದ ಪುಸ್ತಕದಲ್ಲಿ ಉಂಟು. ಆದರೆ ಅವರ ಒಲೆಯ ಮೇಲಿನ ಗಡಿಗೆಯಲ್ಲೂ ಉಂಟು. ಈ ಸಲ ಆ ಗಡಿಗೆಯ ಮುಚ್ಚಳ ತೆಗೆದು ನೋಡೋಣ. ನೋಡುವುದಷ್ಟೇ ಅಲ್ಲ, ನಮ್ಮ ಮನೆಯಲ್ಲೇ ಮಾಡಿ ಉಣ್ಣುವ ಬಗೆಯನ್ನೂ ತಿಳಿಯೋಣ.

ಅಡಿಗೆ ಬಹಳ ಸಾದಾ: ಅಕ್ಕಿ, ಕಾಳು, ತೆಂಗಿನ ಹಾಲು. ಮೂರನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿದ ಅನ್ನ. ಬಡವರ ಊಟ ಅಂತಲೇ ಹುಟ್ಟಿದ್ದು. ಇವತ್ತು ಹಲವು ದೇಶಗಳಿಗೆ ಅದೇ ಮರ್ಯಾದೆಯ ಊಟ.

ಹೆಸರು ಹಲವು, ಗಡಿಗೆ ಒಂದು

ಕೆರಿಬಿಯನ್ ಸಮುದ್ರದಲ್ಲಿ ಒಂದೊಂದು ದ್ವೀಪಕ್ಕೆ ಒಂದೊಂದು ಭಾಷೆ. ಇಂಗ್ಲಿಷರು ಆಳಿದ್ದು ಒಂದು, ಸ್ಪೇನಿನವರು ಆಳಿದ್ದು ಇನ್ನೊಂದು, ಫ್ರೆಂಚರದು ಮತ್ತೊಂದು. ಆದರೆ ಅನ್ನ-ಕಾಳು ಇಲ್ಲದ ದ್ವೀಪ ಹುಡುಕುವುದು ಕಷ್ಟ.

ಜಮೈಕಾದಲ್ಲಿ ಇದಕ್ಕೆ 'ರೈಸ್ ಅಂಡ್ ಪೀಸ್' ಅನ್ನುತ್ತಾರೆ. ಪೀಸ್ ಅಂದರೆ ಬಟಾಣಿ ಅಂತ ತಿಳಿಯಬೇಡಿ. ಅವರ ಮಾತಿನಲ್ಲಿ ಎಲ್ಲ ಕಾಳೂ ಪೀಸೇ. ಸಾಮಾನ್ಯವಾಗಿ ಹಾಕುವುದು ಕೆಂಪು ರಾಜ್ಮಾ. ಭಾನುವಾರ ಮಧ್ಯಾಹ್ನ ಇದು ಇಲ್ಲದಿದ್ದರೆ ಭಾನುವಾರವೇ ಅಲ್ಲ ಅನ್ನುವಷ್ಟು ರೂಢಿ. ಜನ ಇದಕ್ಕೆ ತಮಾಷೆಯಾಗಿ 'ಕೋಟ್ ಆಫ್ ಆರ್ಮ್ಸ್', ಅಂದರೆ ರಾಜಲಾಂಛನ ಅಂತಲೂ ಹೆಸರಿಟ್ಟಿದ್ದಾರೆ.

ಕ್ಯೂಬಾದಲ್ಲಿ ಕಪ್ಪು ಕಾಳು, ಬಿಳಿ ಅಕ್ಕಿ ಸೇರಿಸಿ ಮಾಡುತ್ತಾರೆ. ಸ್ಪೇನಿನ ಹಳೆಯ ಯುದ್ಧಗಳನ್ನು ನೆನೆದು ಅದಕ್ಕೆ 'ಮೂರರು ಮತ್ತು ಕ್ರೈಸ್ತರು' ಅನ್ನುವ ಅರ್ಥದ ಹೆಸರು. ಹೈಟಿಯಲ್ಲೂ ಅಕ್ಕಿಗೆ ಕಾಳು ಕೂಡಿಸಿದ ಅನ್ನವೇ ದಿನದ ಊಟ. ಗಯಾನಾದಲ್ಲಿ 'ಕುಕ್-ಅಪ್ ರೈಸ್'. ಅದಕ್ಕೆ ಅಲಸಂದೆ, ತೆಂಗಿನ ಹಾಲು, ಇದ್ದರೆ ಮಾಂಸ. ಡಿಸೆಂಬರ್ 31ರ ರಾತ್ರಿ ಮನೆಮನೆಯಲ್ಲೂ ಅದೇ. ಟ್ರಿನಿಡಾಡಿನಲ್ಲಿ 'ಪೆಲಾವ್'. ಹೆಸರು ಕೇಳಿದರೇ ಗೊತ್ತಾಗುತ್ತದೆ, ನಮ್ಮ ಪಲಾವಿನ ನೆಂಟ. ಎಣ್ಣೆಯಲ್ಲಿ ಸಕ್ಕರೆಯನ್ನು ಕಪ್ಪಗಾಗುವ ತನಕ ಹುರಿದು, ಅದರಲ್ಲಿ ಕೋಳಿ ತುಂಡು ಹೊರಳಿಸಿ, ಆಮೇಲೆ ಅಕ್ಕಿ, ತೊಗರಿಕಾಳು, ತೆಂಗಿನ ಹಾಲು ಹಾಕುತ್ತಾರೆ.

ಪೋರ್ಟೊ ರಿಕೊ ದ್ವೀಪದ ಊಟ ನಮ್ಮ ತೆಲುಗು-ಕನ್ನಡ ಸೀಮೆಯವರಿಗೆ ಇನ್ನೂ ಹತ್ತಿರ. ಅಲ್ಲಿಯ ಹಬ್ಬದ ಅನ್ನಕ್ಕೆ ಹೆಸರು 'ಅರ್ರೋಸ್ ಕೋನ್ ಗಂದುಲೆಸ್'. ಅರ್ರೋಸ್ ಅಂದರೆ ಅಕ್ಕಿ. ಗಂದುಲೆಸ್ ಅಂದರೆ ತೊಗರಿ. ನಮ್ಮ ತೆಲುಗಿನಲ್ಲಿ ತೊಗರಿಗೆ ಕಂದುಲು ಅಲ್ಲವೇ? ಗಂದುಲ್, ಕಂದುಲು! ಮೊದಲ ಸಲ ಓದಿದಾಗ ಎದ್ದು ಕುಂತೆ ನಾನು. ಆದರೆ ಹೆಚ್ಚಿನ ಭಾಷಾ ಪಂಡಿತರು ಹೇಳುವುದು ಬೇರೆ. ಆಫ್ರಿಕಾದ ಕಾಂಗೋ ಜನರ ಭಾಷೆಯಲ್ಲಿ ತೊಗರಿಗೆ 'ವಾಂಡು' ಅನ್ನುತ್ತಾರೆ, ಅದರಿಂದಲೇ ಗಂದುಲ್ ಬಂತು ಅಂತ. ಜಮೈಕಾದವರು ತೊಗರಿಗೆ 'ಗುಂಗೋ' ಅಂತಲೂ 'ಕಾಂಗೋ ಪೀಸ್' ಅಂತಲೂ ಕರೆಯುವುದು ಈ ಮಾತಿಗೆ ಪುಷ್ಟಿ ಕೊಡುತ್ತದೆ. ಹೆಸರು ಆಫ್ರಿಕಾದ್ದಿರಬಹುದು, ಗಿಡ ಮಾತ್ರ ನಮ್ಮದೇ. ಅದು ಹೆಂಗೆ ಅಂತ ಮುಂದೆ ನೋಡೋಣ.

ಯಾವ ಕಾಳು ಎಲ್ಲಿಂದ?

ಈ ಒಂದು ಗಡಿಗೆಯಲ್ಲಿ ಮೂರು ಖಂಡಗಳು ಕೂತಿವೆ. ಅಕ್ಕಿ ಏಷ್ಯಾದ್ದು. ಆಫ್ರಿಕಾದಲ್ಲೂ ಬೇರೆ ಜಾತಿಯ ಭತ್ತವೊಂದು ಹಿಂದಿನಿಂದ ಇತ್ತು. ತೋಟದ ಧಣಿಗಳಿಂದ ತಪ್ಪಿಸಿಕೊಂಡು ಕಾಡು ಸೇರಿದ ಗುಲಾಮರ ವಂಶದವರು ಸುರಿನಾಮ್ ದೇಶದಲ್ಲಿ ಅದನ್ನು ಈಗಲೂ ಬೆಳೆಯುತ್ತಾರೆ. ರಾಜ್ಮಾ ಅಮೆರಿಕಾ ಖಂಡದ್ದು. ನಾವು ಪಲ್ಯ ಮಾಡುವ ಬೀನ್ಸ್, ಆ ರಾಜ್ಮಾ ಎರಡೂ ಒಂದೇ ಜಾತಿಯ ಗಿಡ. ಎಳೆಯದು ಕಾಯಿ, ಬಲಿತದ್ದು ಕಾಳು. ಮೆಣಸಿನಕಾಯಿ, ಟೊಮ್ಯಾಟೊ, ಶೇಂಗಾ ಕೂಡ ಆ ಕಡೆಯಿಂದಲೇ ನಮಗೆ ಬಂದವು.

ಅಲಸಂದೆ, ನಮ್ಮ ರಾಯಲಸೀಮೆ ಕಡೆ ತೆಲುಗಿನವರು ಅಲಸಂದಲು, ಕರಾವಳಿಯವರು ಬೊಬ್ಬರ್ಲು ಅನ್ನುವುದು, ಆಫ್ರಿಕಾದಲ್ಲಿ ಹುಟ್ಟಿದ ಬೆಳೆ. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆಯೇ ನಮ್ಮ ದೇಶಕ್ಕೆ ಬಂದು ನಮ್ಮದೇ ಆಗಿಬಿಟ್ಟಿತು. ಗುಲಾಮರ ಹಡಗಿನಲ್ಲಿ ವೆಸ್ಟ್ ಇಂಡೀಸಿಗೂ ಹೋಯಿತು. ಆಫ್ರಿಕಾದ ಘಾನಾದಲ್ಲಿ ಇಂದಿಗೂ ಅಲಸಂದೆ, ಅಕ್ಕಿ ಕೂಡಿಸಿ 'ವಾಚೆ' ಅನ್ನುವ ಅನ್ನ ಮಾಡಿ ಬೀದಿಯಲ್ಲಿ ಮಾರುತ್ತಾರೆ. ಗಯಾನಾದ ಕುಕ್-ಅಪ್‌ಗೂ ಅದಕ್ಕೂ ಅಕ್ಕ-ತಂಗಿಯರ ಹೋಲಿಕೆ.

ತೊಗರಿಯ ಕತೆ ಇದಕ್ಕೆ ತಿರುಗುಮುರುಗು. ತೊಗರಿಯ ಮೂಲ ಭಾರತ. ಅದರ ಕಾಡು ಜಾತಿ ಇವತ್ತಿಗೂ ಒಡಿಶಾ, ಬಸ್ತಾರ್ ಕಡೆಯ ಕಾಡುಗಳಲ್ಲಿ ಸಿಗುತ್ತದೆ. ಇಲ್ಲಿಂದ ಆಫ್ರಿಕಾಕ್ಕೆ ಹೋಯಿತು. ಆಫ್ರಿಕಾದಿಂದ ಗುಲಾಮರ ಜೊತೆ ಅಟ್ಲಾಂಟಿಕ್ ದಾಟಿತು. ಹಂಗಾಗಿ ನಮ್ಮವರು ಆ ದ್ವೀಪಗಳಿಗೆ ಕಾಲಿಡುವುದಕ್ಕೆ ಬಹಳ ಮುಂಚೆಯೇ ನಮ್ಮ ತೊಗರಿ ಅಲ್ಲಿ ಬೇರು ಬಿಟ್ಟಿತ್ತು.

ಕಬ್ಬಿನ ಹೊಲದ ಭಾನುವಾರ

ಇದೆಲ್ಲಾ ಸುಮ್ಮನೆ ತಿರುಗಾಡಲು ಹೋದವರ ಗಂಟಿನಲ್ಲಿ ಹೋದದ್ದಲ್ಲ. ಯೂರೋಪಿನವರ ಚಹಾಕ್ಕೆ ಸಕ್ಕರೆ ಬೇಕಾಗಿತ್ತು. ಸಕ್ಕರೆಗೆ ಕಬ್ಬು, ಕಬ್ಬಿಗೆ ಆಳು. ಮೂರು ಶತಮಾನಕ್ಕೂ ಹೆಚ್ಚು ಕಾಲ ಆಫ್ರಿಕಾದ ಜನರನ್ನು ಸಂಕೋಲೆ ಹಾಕಿ ತಂದು ಕಬ್ಬಿನ ತೋಟಗಳಲ್ಲಿ ದುಡಿಸಿದರು. ಜಮೈಕಾದಂಥ ದ್ವೀಪಗಳಲ್ಲಿ ತೋಟದ ಧಣಿಗಳು ಗುಲಾಮರಿಗೆ ಪೂರ್ತಿ ಊಟ ಹಾಕುತ್ತಿರಲಿಲ್ಲ. ಗುಡ್ಡದ ಇಳಿಜಾರಿನ ಒಂದು ತುಂಡು ನೆಲ ತೋರಿಸಿ, ನಿಮ್ಮ ಗೆಡ್ಡೆ-ಗೆಣಸು, ಕಾಳು ನೀವೇ ಬೆಳೆದುಕೊಳ್ಳಿ ಅಂದರು. ಅದಕ್ಕೆ ಸಿಕ್ಕುತ್ತಿದ್ದದ್ದು ಭಾನುವಾರ. ಅವತ್ತೇ ತಮ್ಮ ಹೊಲದ ಕೆಲಸ, ಅವತ್ತೇ ಸಂತೆ. ಹೆಚ್ಚಾದ ಕಾಳು-ಕಡಿ ಮಾರಿ ನಾಲ್ಕು ಕಾಸು ಕಾಣುತ್ತಿದ್ದದ್ದೂ ಅವತ್ತೇ. ಜಮೈಕಾದವರಿಗೆ ಭಾನುವಾರದ ಊಟದ ಮೇಲೆ ಇಷ್ಟು ಮಮತೆ ಯಾಕೆ ಅಂತ ಕೇಳಿದರೆ ಈ ಹಿನ್ನೆಲೆ ನೆನಪಿಡಬೇಕು. ವಾರದಲ್ಲಿ ಆರು ದಿನ ಪರರ ಕೈಯಲ್ಲಿದ್ದವನಿಗೆ ಏಳನೆಯ ದಿನದ ಗಡಿಗೆ ತನ್ನದು.

ಬ್ರಿಟಿಷರು 1834ರ ಆಗಸ್ಟ್ 1ರಂದು ಕಾನೂನಿನಲ್ಲಿ ಗುಲಾಮಗಿರಿ ತೆಗೆದರು. ನಿಜವಾದ ಬಿಡುಗಡೆ ಸಿಕ್ಕಿದ್ದು 1838ರ ಆಗಸ್ಟ್ 1ರಂದು. ಬಿಡುಗಡೆಯಾದವರು ಕಬ್ಬಿನ ಹೊಲದ ಕಡೆ ತಿರುಗಿ ನೋಡಲು ಮನಸ್ಸು ಮಾಡಲಿಲ್ಲ. ಧಣಿಗಳ ಕಣ್ಣು ಆವಾಗ ನಮ್ಮ ದೇಶದ ಮೇಲೆ ಬಿತ್ತು. ಐದು ವರ್ಷದ ಕರಾರಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಜನರನ್ನು ಹಡಗು ಹತ್ತಿಸಿದರು. ಮೊದಲ ಎರಡು ಹಡಗು 1838ರ ಮೇ ತಿಂಗಳಲ್ಲಿ ಬ್ರಿಟಿಷ್ ಗಯಾನಾ ಮುಟ್ಟಿದವು. 1845ರ ಮೇ 30ರಂದು 'ಫತೆಲ್ ರಜಾಕ್' ಅನ್ನುವ ಹಡಗು ಟ್ರಿನಿಡಾಡ್ ಸೇರಿತು. ಅದೇ ತಿಂಗಳು ಜಮೈಕಾಕ್ಕೂ ಒಂದು ಹಡಗು ಬಂತು. 1917ರಲ್ಲಿ ಈ ಕರಾರು ಪದ್ಧತಿ ನಿಲ್ಲುವಷ್ಟರಲ್ಲಿ ಗಯಾನಾಕ್ಕೆ ಸುಮಾರು 2 ಲಕ್ಷ 39 ಸಾವಿರ, ಟ್ರಿನಿಡಾಡಿಗೆ ಸುಮಾರು 1 ಲಕ್ಷ 44 ಸಾವಿರ, ಜಮೈಕಾಕ್ಕೆ 36 ಸಾವಿರಕ್ಕೂ ಹೆಚ್ಚು ಜನ ಹೋಗಿದ್ದರು. ಬಹಳ ಪಾಲು ಕಲಕತ್ತೆಯಿಂದ ಹೋದ ಭೋಜಪುರಿ ಸೀಮೆಯವರು. ಮದ್ರಾಸು ಬಂದರಿನಿಂದ ಹೋದ ತಮಿಳರು, ತೆಲುಗರೂ ಇದ್ದರು. ಅಲ್ಲಿ ಅವರಿಗೆಲ್ಲಾ 'ಮದ್ರಾಸಿ' ಅನ್ನುವ ಒಂದೇ ಹೆಸರು.

ಕರಾರು ಮುಗಿದ ಮೇಲೆ ಕೆಲವರು ತಿರುಗಿ ಬಂದರು, ಹೆಚ್ಚಿನವರು ಅಲ್ಲೇ ನಿಂತರು. ನಿಂತವರು ಮಾಡಿದ ದೊಡ್ಡ ಕೆಲಸ ಭತ್ತ. ಗಯಾನಾದ ಕರಾವಳಿ ನೆಲ ಸಮುದ್ರದ ಭರತದ ಮಟ್ಟಕ್ಕಿಂತ ಕೆಳಗಿದೆ. ಹಿಂದೆ ಡಚ್ಚರು ಕಟ್ಟಿಸಿದ ಗೋಡೆ, ಕಾಲುವೆ, 'ಕೋಕರ್' ಅನ್ನುವ ತೂಬುಗಳೇ ಅದಕ್ಕೆ ಕಾವಲು. ಇಳಿತದ ಹೊತ್ತಿನಲ್ಲಿ ತೂಬು ಎತ್ತಿ ಹೊಲದ ನೀರು ಹೊರಗೆ ಬಿಡಬೇಕು, ಭರತ ಬರುವಷ್ಟರಲ್ಲಿ ಮುಚ್ಚಬೇಕು. ಕಬ್ಬಿಗೆ ಬೇಡವಾದ ಆ ಜವುಗು ನೆಲದಲ್ಲಿ ನಮ್ಮವರು ಭತ್ತ ನಾಟಿ ಮಾಡಿದರು. ಗಯಾನಾ ಇವತ್ತು ಅಕ್ಕಿ ರಫ್ತು ಮಾಡುವ ದೇಶ. ಜಮೈಕಾದವರ ಭಾನುವಾರದ ಗಡಿಗೆಗೂ ಆ ಅಕ್ಕಿ ಹೋಗುತ್ತದೆ. ಕಾಳು ಒಬ್ಬರ ಕಷ್ಟದ್ದು, ಅಕ್ಕಿ ಇನ್ನೊಬ್ಬರ ಕಷ್ಟದ್ದು. ಊಟ ಮಾತ್ರ ಇಬ್ಬರದೂ ಆಯಿತು.

ಒಂದೇ ಗಿಡ, ಒಂದೇ ತಿಂಗಳು

ರೈತ ಬಂಧುಗಳಿಗೆ ಒಂದು ಸೋಜಿಗ ಹೇಳುತ್ತೇನೆ. ಭೂಪಟ ತೆಗೆದು ನೋಡಿದರೆ ಸೊಲ್ಲಾಪುರ ಮತ್ತು ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ ಹೆಚ್ಚುಕಮ್ಮಿ ಒಂದೇ ಅಕ್ಷಾಂಶದಲ್ಲಿವೆ. ಎರಡೂ 18 ಡಿಗ್ರಿ ಉತ್ತರದ ಆಸುಪಾಸು. ಸೂರ್ಯ ಹುಟ್ಟಿ ಮುಳುಗುವ ಲೆಕ್ಕ, ಹಗಲು ಸಣ್ಣದಾಗುವ ಲೆಕ್ಕ ಎರಡೂ ಕಡೆ ಒಂದೇ. ತೊಗರಿಯ ನಾಟಿ ತಳಿಗಳು ಹಗಲು ಸಣ್ಣದಾದ ಮೇಲೆ ಹೂ ಬಿಡುವ ಜಾತಿ. ನಾವು ಮುಂಗಾರಿಗೆ ಬಿತ್ತುತ್ತೇವೆ, ಮಾರ್ಗಶಿರ-ಪುಷ್ಯದಲ್ಲಿ ಹಸಿಕಾಯಿ ಬರುತ್ತದೆ. ಅಲ್ಲಿಯೂ ಹಂಗೇ. ಕ್ರಿಸ್ಮಸ್ ಹೊತ್ತಿಗೆ ಹಸಿ ಗುಂಗೋ ಸಂತೆಗೆ ಬರುತ್ತದೆ. ವರ್ಷವೆಲ್ಲಾ ರಾಜ್ಮಾ ಹಾಕುವ ಜಮೈಕಾದವರು ಕ್ರಿಸ್ಮಸ್ಸಿಗೆ, ಹೊಸ ವರ್ಷಕ್ಕೆ ಹಸಿ ತೊಗರಿಯ ಅನ್ನವೇ ಆಗಬೇಕು ಅನ್ನುತ್ತಾರೆ. ನಮ್ಮಲ್ಲಿ ಎಳ್ಳಮಾವಾಸ್ಯೆ, ಸಂಕ್ರಾಂತಿ ಹೊತ್ತಿಗೆ ಹೊಲದ ಬದುವಿನಲ್ಲಿ ಹಸಿಕಾಯಿ ಬೇಯಿಸಿ ತಿನ್ನುವ ಸುಖ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮನೆಯಲ್ಲಿ ಮಾಡುವ ಬಗೆ

ಇನ್ನು ಅಡಿಗೆಗೆ ಬರೋಣ. ಐದು ಜನರ ಲೆಕ್ಕ ಹೇಳುತ್ತೇನೆ.

ಬೇಕಾಗುವ ಸಾಮಾನು: ಅಕ್ಕಿ ಅರ್ಧ ಕಿಲೊ, ಕೆಂಪು ರಾಜ್ಮಾ 200 ಗ್ರಾಂ, ದೊಡ್ಡ ತೆಂಗಿನಕಾಯಿ ಒಂದು, ಬೆಳ್ಳುಳ್ಳಿ ನಾಲ್ಕು ಎಸಳು, ಹೆಬ್ಬೆಟ್ಟಿನಷ್ಟು ಶುಂಠಿ, ಬುಡಸಮೇತ ಈರುಳ್ಳಿ ಸೊಪ್ಪು ಮೂರು-ನಾಲ್ಕು ಕಡ್ಡಿ, ದಪ್ಪ ಹಸಿಮೆಣಸಿನಕಾಯಿ ಒಂದು, ರುಚಿಗೆ ಉಪ್ಪು.

ಅವರು ಇದಕ್ಕೆ ಎರಡು ವಾಸನೆಯ ಸಾಮಾನು ಹಾಕುತ್ತಾರೆ. ಒಂದು 'ಪಿಮೆಂಟೊ'. ನೋಡಲು ಮೆಣಸಿನ ಕಾಳಿನಂತೆ ಇರುತ್ತದೆ, ವಾಸನೆಯಲ್ಲಿ ಲವಂಗ, ದಾಲ್ಚಿನ್ನಿ, ಜಾಯಿಕಾಯಿ ಎಲ್ಲಾ ಉಂಟು. ನಮ್ಮ ಮಲೆನಾಡಿನವರು ಅದಕ್ಕೆ ಸರ್ವಸಾಂಬಾರ ಅನ್ನುತ್ತಾರೆ. ಸಿಕ್ಕರೆ ಏಳೆಂಟು ಕಾಳು ಹಾಕಿ. ಇಲ್ಲದಿದ್ದರೆ ಎರಡು ಲವಂಗ, ಬೆರಳಿನ ಗೆಣ್ಣಿನಷ್ಟು ದಾಲ್ಚಿನ್ನಿ, ನಾಲ್ಕು ಮೆಣಸು ಸಾಕು. ಇನ್ನೊಂದು 'ಥೈಮ್' ಅನ್ನುವ ಸಣ್ಣೆಲೆಯ ಸೊಪ್ಪು. ಅದು ನಮ್ಮ ಸಂತೆಯಲ್ಲಿ ಸಿಗುವುದಿಲ್ಲ. ಚಿಂತೆ ಬೇಡ. ಟ್ರಿನಿಡಾಡ್, ಬಾರ್ಬಡೋಸ್ ಕಡೆ 'ದೊಡ್ಡೆಲೆ ಥೈಮ್' ಅಂತ ಬಳಸುವ ಗಿಡ ಬೇರೆ ಯಾವುದೂ ಅಲ್ಲ, ನಮ್ಮ ಹಿತ್ತಲ ದೊಡ್ಡಪತ್ರೆ! ತೆಲುಗಿನವರ ವಾಮಾಕು. ಮೂರು ಎಲೆ ಕಿತ್ತು ತಂದರೆ ಆಯಿತು.

ಮೊದಲು ಕಾಳಿನ ಕೆಲಸ. ರಾಜ್ಮಾವನ್ನು ಹಿಂದಿನ ರಾತ್ರಿಯೇ ನೆನೆ ಹಾಕಬೇಕು. ಬೆಳಿಗ್ಗೆ ಆ ನೀರು ಚೆಲ್ಲಿ, ತೊಳೆದು, ಹೊಸ ನೀರಿನಲ್ಲಿ ಬೇಯಿಸಬೇಕು. ಇದು ಬರೀ ರುಚಿಯ ಮಾತಲ್ಲ. ಹಸಿ ರಾಜ್ಮಾದಲ್ಲಿ ಒಂದು ಬಗೆಯ ವಿಷ ಇರುತ್ತದೆ. ಅರೆಬೆಂದ ಕಾಳು ತಿಂದರೆ ಕೆಲವೇ ತಾಸುಗಳಲ್ಲಿ ವಾಂತಿ-ಭೇದಿ ಶುರುವಾಗುತ್ತದೆ. ಕೊತಕೊತ ಕುದಿಯುವ ನೀರಿನಲ್ಲಿ ಕಡಿಮೆಯೆಂದರೂ ಹತ್ತು ನಿಮಿಷ ಬೆಂದರೆ ಆ ವಿಷ ಹೋಗುತ್ತದೆ. ಸಣ್ಣ ಉರಿಯಲ್ಲಿ ಬೆಚ್ಚಗೆ ಇಟ್ಟರೆ ಹೋಗುವುದಿಲ್ಲ. ಕುಕ್ಕರಿನಲ್ಲಿ ಐದಾರು ಸೀಟಿ ಕೂಗಿಸಿದರೆ ಭಯವಿಲ್ಲ. ಕಾಳು ಬೆರಳಿನಲ್ಲಿ ಒತ್ತಿದರೆ ಮೆತ್ತಗಾಗಬೇಕು, ಆದರೆ ಒಡೆಯಬಾರದು. ನೆನೆಸಿದ ನೀರು ಚೆಲ್ಲಬೇಕು ಸರಿ, ಬೇಯಿಸಿದ ಕೆಂಪು ನೀರು ಮಾತ್ರ ಚೆಲ್ಲಬೇಡಿ. ಅನ್ನಕ್ಕೆ ಬಣ್ಣ ಬರುವುದೇ ಅದರಿಂದ.

ಎರಡನೆಯದು ತೆಂಗಿನ ಹಾಲು. ಕಾಯಿ ತುರಿದು, ಬಿಸಿನೀರು ಹಾಕಿ ರುಬ್ಬಿ, ಬಟ್ಟೆಯಲ್ಲಿ ಹಿಂಡಬೇಕು. ಎರಡನೇ ಸಲವೂ ರುಬ್ಬಿ ಹಿಂಡಿ ಮೊದಲಿನದಕ್ಕೇ ಕೂಡಿಸಿ. ಒಟ್ಟು ಲೆಕ್ಕ ಇಷ್ಟೇ: ಅಕ್ಕಿ ಅಳೆದ ಲೋಟದಲ್ಲೇ ಅಕ್ಕಿಯ ಎರಡರಷ್ಟು ನೀರು ಬೇಕು. ಅಕ್ಕಿ ಎರಡೂವರೆ ಲೋಟ ಆದರೆ ತೆಂಗಿನ ಹಾಲು ಮೂರು ಲೋಟ, ಕಾಳು ಬೆಂದ ನೀರು ಎರಡು ಲೋಟ. ಹೊಸ ಅಕ್ಕಿಯಾದರೆ ಅರ್ಧ ಲೋಟ ಕಡಿಮೆ.

ಮೂರನೆಯದು ಕೂಡಿಸುವುದು. ದಪ್ಪ ತಳದ ಪಾತ್ರೆಯಲ್ಲಿ ಬೆಂದ ಕಾಳು, ಅದರ ನೀರು, ತೆಂಗಿನ ಹಾಲು ಹಾಕಿ. ಜಜ್ಜಿದ ಬೆಳ್ಳುಳ್ಳಿ, ಶುಂಠಿ, ಇಡಿಯ ಈರುಳ್ಳಿ ಸೊಪ್ಪಿನ ಕಡ್ಡಿ, ಮಸಾಲೆ ಕಾಳು, ದೊಡ್ಡಪತ್ರೆ, ಉಪ್ಪು ಬೀಳಲಿ. ಹತ್ತು ನಿಮಿಷ ಕುದ್ದು ಮನೆಯೆಲ್ಲಾ ಘಮ ಅನ್ನುವಾಗ ತೊಳೆದ ಅಕ್ಕಿ ಹಾಕಿ ಒಂದು ಸಲ ತಿರುವಿ. ಮೇಲೆ ಮೆಣಸಿನಕಾಯಿ ಇಡಿಯಾಗಿ ಇಡಬೇಕು, ತೊಟ್ಟು ಸಹ ಕೀಳಬಾರದು. ಅವರು ಇಡುವ 'ಸ್ಕಾಚ್ ಬಾನೆಟ್' ಮೆಣಸಿನಕಾಯಿ ನಮ್ಮ ಗುಂಟೂರು ಕಾಯಿಗಿಂತ ಹಲವು ಪಟ್ಟು ಖಾರ. ಅದು ಒಡೆದರೆ ಊಟ ಮುಗಿದಂತೆ. ಒಡೆಯದಂತೆ ಬೆಂದರೆ ಖಾರ ಬಿಡದೆ ಬರೀ ಪರಿಮಳ ಬಿಡುತ್ತದೆ. ಇದು ಆ ಅಡಿಗೆಯ ಜಾಣತನ.

ಆಮೇಲೆ ಉರಿ ಸಣ್ಣ ಮಾಡಿ, ಬಿಗಿಯಾಗಿ ಮುಚ್ಚಿ, ಇಪ್ಪತ್ತು-ಇಪ್ಪತ್ತೈದು ನಿಮಿಷ ಬಿಡಿ. ನಡುವೆ ಸೌಟು ಆಡಿಸಬೇಡಿ, ಗಂಜಿ ಬಸಿಯಬೇಡಿ. ಇಳಿಸಿ ಹತ್ತು ನಿಮಿಷ ಮುಚ್ಚಿಡಿ. ಸೊಪ್ಪಿನ ಕಡ್ಡಿ, ಮೆಣಸಿನಕಾಯಿ ತೆಗೆದು ಹಾಕಿ ಬಡಿಸಿ. ತಳದಲ್ಲಿ ಸ್ವಲ್ಪ ಸೀಕು ಹಿಡಿದಿದ್ದರೆ ಅದೂ ಭಾಗ್ಯವೇ. ನಾವು ಸೀಕು ಅನ್ನುವುದಕ್ಕೆ, ತೆಲುಗಿನವರು ಮಾಡು ಅನ್ನುವುದಕ್ಕೆ, ಜಮೈಕಾದವರು 'ಬನ್-ಬನ್', ಪೋರ್ಟೊ ರಿಕೊದವರು 'ಪೆಗಾವ್' ಅನ್ನುತ್ತಾರೆ. ಅಲ್ಲಿಯೂ ಮಕ್ಕಳು ಅದಕ್ಕೇ ಜಗಳ ಆಡುತ್ತವೆ.

ರಾಜ್ಮಾ ನಮ್ಮ ಸಣ್ಣ ಊರುಗಳಲ್ಲಿ ಎಲ್ಲಾ ಅಂಗಡಿಯಲ್ಲೂ ಸಿಗುವುದಿಲ್ಲ. ಸಿಗದಿದ್ದರೆ ಅಲಸಂದೆ ಹಾಕಿ, ಮೂರು ತಾಸು ನೆನೆದರೆ ಸಾಕು. ಅದು ಗಯಾನಾದವರ ದಾರಿ. ಇಡಿ ತೊಗರಿಕಾಳು ಹಾಕಿದರೆ ಟ್ರಿನಿಡಾಡ್, ಪೋರ್ಟೊ ರಿಕೊದವರ ದಾರಿ. ಒಣಗಿದ್ದಾದರೆ ರಾತ್ರಿ ನೆನೆಸಬೇಕು, ಹಸಿಯಾದರೆ ನೆನೆಸುವುದೇ ಬೇಡ. ತೊಗರಿಬೇಳೆ ಮಾತ್ರ ಹಾಕಬೇಡಿ. ಬೇಳೆ ಕರಗಿ ಅದು ಬಿಸಿಬೇಳೆ ಅನ್ನದ ತಮ್ಮನಾಗಿಬಿಡುತ್ತದೆ. ನಮ್ಮ ಮನೆಯಲ್ಲಿ ಮೂರು ಕಾಳಿನಲ್ಲೂ ಮಾಡಿದ್ದೇವೆ. ರಾಜ್ಮಾದ್ದು ಉಂಡು ಮನೆಯಾಕೆ "ಚಲೋ ಐತ್ರೀ" ಅಂದಳು. ತೊಗರಿಯದು ಉಂಡು ನಮ್ಮವ್ವ "ಇದು ನಮ್ದೇ ಅಲ್ಲೇನಪ್ಪಾ" ಅಂದಳು. ಅವ್ವನ ಮಾತೇ ಹೆಚ್ಚು ಖರೆ.

ಜೊತೆಗೆ ಏನು?

ಮಾಂಸ ತಿನ್ನುವವರು ಕೋಳಿ ಸಾರು ಮಾಡಿಕೊಳ್ಳಬಹುದು. ಸಸ್ಯಾಹಾರಿಗಳಿಗೂ ಕೊರತೆ ಇಲ್ಲ. ಜಮೈಕಾದಲ್ಲಿ ಇದರ ಪಕ್ಕಕ್ಕೆ 'ಕಲಲೂ' ಅನ್ನುವ ಸೊಪ್ಪಿನ ಪಲ್ಯ ಬಡಿಸುತ್ತಾರೆ. ಅದು ದಂಟಿನ ಸೊಪ್ಪಿನ ಜಾತಿ, ತೆಲುಗಿನವರ ತೋಟಕೂರ. ಟ್ರಿನಿಡಾಡಿನಲ್ಲಿ ಅದೇ ಕಲಲೂ ಅನ್ನುವ ಹೆಸರಿನಲ್ಲಿ ಮಾಡುವುದು ಕೆಸುವಿನ ಎಲೆಯದು. ಕಾಸರಗೋಡು, ಗೋವಾ ಕಡೆಯ ಓದುಗರಿಗೆ ಕೆಸುವಿನ ರುಚಿ ನಾನು ಹೇಳಬೇಕಿಲ್ಲ. ಕಾಸರಗೋಡಿನವರ ಅಂಗಳದ ಜೀಗುಜ್ಜೆಯೂ ಅಲ್ಲಿ ಉಂಟು. ಗುಲಾಮರಿಗೆ ಅಗ್ಗದ ಆಹಾರ ಆಗಲಿ ಅಂತ 1793ರಲ್ಲಿ ಬ್ಲೈ ಎಂಬ ಕಪ್ತಾನ ಟಹೀಟಿ ದ್ವೀಪದಿಂದ ಅದರ ಸಸಿಗಳನ್ನು ಹಡಗಿನಲ್ಲಿ ತಂದು ಜಮೈಕಾಕ್ಕೆ ಮುಟ್ಟಿಸಿದ. ಇನ್ನು ಕಳಿತ ಬಾಳೆಹಣ್ಣಿನ ಹೋಳು ಎಣ್ಣೆಯಲ್ಲಿ ಕರಿದರೆ ಪಕ್ಕಕ್ಕೆ ಸಿಹಿ ಆಯಿತು.

ಕುಡಿಯುವುದಕ್ಕೆ ಕ್ರಿಸ್ಮಸ್ ಹೊತ್ತಿಗೆ 'ಸಾರೆಲ್' ಅನ್ನುವ ಕೆಂಪು ಪಾನಕ. ಅದು ನಮ್ಮ ಪುಂಡಿಪಲ್ಯ, ಗೋಂಗೂರದ ಬಳಗದ ಗಿಡ. ನಾವು ಎಲೆ ಕಿತ್ತು ಪಲ್ಯ, ಪಚ್ಚಡಿ ಮಾಡಿ ಹೂವನ್ನು ಮರೆಯುತ್ತೇವೆ. ಅವರು ಹೂ ಉದುರಿದ ಮೇಲೆ ಉಳಿಯುವ ದಪ್ಪ ಕೆಂಪು ಬಟ್ಟಲನ್ನು ಶುಂಠಿ ಜೊತೆ ಕುದಿಸಿ, ಸಕ್ಕರೆ ಹಾಕಿ ಆರಿಸಿ ಕುಡಿಯುತ್ತಾರೆ. ಕೆಂಪು ಪುಂಡಿ ಬೆಳೆಯುವವರು ಒಂದು ಸಲ ಮಾಡಿ ನೋಡಬಹುದು, ಖರ್ಚಿಲ್ಲದ ಶರಬತ್ತು.

ಅನ್ನ-ಕಾಳು ಕೂಡಿದ ಊಟ ಹೊಟ್ಟೆಗೂ ಒಳ್ಳೆಯದು. ಅಕ್ಕಿಯ ಪ್ರೋಟೀನಿನಲ್ಲಿ 'ಲೈಸಿನ್' ಅನ್ನುವ ಅಂಶ ಕಡಿಮೆ, ಕಾಳಿನಲ್ಲಿ ಅದು ಧಾರಾಳ. ಕಾಳಿನಲ್ಲಿ ಕಡಿಮೆ ಇರುವ 'ಮೆಥಿಯೊನಿನ್' ಅಕ್ಕಿಯಲ್ಲಿ ಉಂಟು. ಒಂದರ ಕೊರತೆ ಇನ್ನೊಂದು ತುಂಬುತ್ತದೆ. ವಿಜ್ಞಾನ ಓದದ ಗುಲಾಮರು, ಕೂಲಿಗಳು ಇದನ್ನು ಮೈಯಿಂದಲೇ ಅರಿತಿದ್ದರು. ಮುದ್ದೆ-ಸಾರು, ರೊಟ್ಟಿ-ಬೇಳೆ ಅಂತ ಜೋಡಿ ಮಾಡಿದ ನಮ್ಮ ಹಿರಿಯರೂ ಹಂಗೇ ಅರಿತವರು.

ಮಾತು ಹೋಯಿತು, ಒಗ್ಗರಣೆ ಉಳಿಯಿತು

ಎರಡು ಭಾಷೆಯ ನಡುವೆ ಬಾಳುವ ನಮ್ಮಂಥವರು ನಿಂತು ನೋಡಬೇಕಾದ ಮಾತು ಇನ್ನೊಂದಿದೆ. ಟ್ರಿನಿಡಾಡಿನಲ್ಲಿ, ಗಯಾನಾದಲ್ಲಿ ಭೋಜಪುರಿ ಈಗ ಮನೆಮಾತಾಗಿ ಉಳಿದಿಲ್ಲ. ಮೊಮ್ಮಕ್ಕಳು, ಮರಿಮಕ್ಕಳು ಆಡುವುದು ಅಲ್ಲಿಯ ಇಂಗ್ಲಿಷ್. ಆದರೆ ಅಡಿಗೆಮನೆಗೆ ಹೋದರೆ ಜೀರಿಗೆಗೆ 'ಗೀರಾ', ಬದನೆಕಾಯಿಗೆ 'ಬೈಗನ್', ಸೊಪ್ಪಿಗೆ 'ಭಾಜಿ'. ಬೇಳೆಗೆ ಒಗ್ಗರಣೆ ಕೊಡುವುದಕ್ಕೆ 'ಚುಂಕೆ' ಅನ್ನುತ್ತಾರೆ. ಹಿಂದಿಯವರ ಛೌಂಕ್ ಅದು. ಆಫ್ರಿಕಾ ಮೂಲದ ಹೆಂಗಸರೂ ಅದೇ ಶಬ್ದ ಬಳಸುತ್ತಾರೆ. ಮದ್ರಾಸು ಕಡೆಯಿಂದ ಹೋದವರ ತಮಿಳು, ತೆಲುಗಿನ ಗತಿ ಇನ್ನೂ ಕಷ್ಟ. ಗಯಾನಾದಲ್ಲಿ ಮಾರಿಯಮ್ಮನ ಪೂಜೆ ನಡೆಯುತ್ತದೆ, ತಮಿಳು ಹಾಡು ಹೇಳುತ್ತಾರೆ. ಆ ಹಾಡಿನ ಅರ್ಥ ಬಿಡಿಸಿ ಹೇಳಬಲ್ಲವರು ವಿರಳ. ಪಕ್ಕದ ಸುರಿನಾಮಿನಲ್ಲಿ ಮಾತ್ರ 1873ರಿಂದ ಹೋದವರ ಮಾತು 'ಸರ್ನಾಮಿ' ಅನ್ನುವ ಹೆಸರಿನಲ್ಲಿ ಇಂದಿಗೂ ಬದುಕಿದೆ.

ಸೇಂಟ್ ಲೂಸಿಯಾ ದ್ವೀಪದ ಕವಿ ಡೆರೆಕ್ ವಾಲ್ಕಾಟ್ ಅವರಿಗೆ 1992ರಲ್ಲಿ ನೊಬೆಲ್ ಬಹುಮಾನ ಬಂತು. ಸ್ಟಾಕ್‌ಹೋಮಿನಲ್ಲಿ ಮಾತಾಡಲು ನಿಂತ ಅವರು ಭಾಷಣ ಶುರು ಮಾಡಿದ್ದು ಟ್ರಿನಿಡಾಡಿನ ಫೆಲಿಸಿಟಿ ಅನ್ನುವ ಹಳ್ಳಿಯ ರಾಮಲೀಲೆಯಿಂದ. ಆಫ್ರಿಕಾ ರಕ್ತದ ಕವಿಯೊಬ್ಬ ನಮ್ಮ ರಾಮಾಯಣದ ಆಟವನ್ನು ತನ್ನ ನೆಲದ ಸೊತ್ತು ಅಂತ ಲೋಕಕ್ಕೆ ಹೇಳಿದ. ಪದ್ಯ ಬರೆಯುವ ನನಗೆ ಅದು ದೊಡ್ಡ ಮಾತಾಗಿ ಕಂಡಿತು.

ಆದರೂ ಒಂದು ಮಾತು ಖಡಾಖಂಡಿತ ಹೇಳುತ್ತೇನೆ. ಅಡಿಗೆಮನೆಯ ಹತ್ತು ಶಬ್ದ ಉಳಿದರೆ ಭಾಷೆ ಉಳಿದಂತೆ ಅಲ್ಲ. ಒಗ್ಗರಣೆ ಅನ್ನುವ ಶಬ್ದ ಗೊತ್ತಿದ್ದ ಮೊಮ್ಮಗಳಿಗೆ ಅಜ್ಜಿ ಬರೆದಿಟ್ಟ ಕಾಗದ ಓದಲು ಬರುವುದಿಲ್ಲ. ಅವರಿಗೆ ಸಾವಿರಾರು ಮೈಲಿಯ ಸಮುದ್ರ ಅಡ್ಡ ಇತ್ತು, ಧಣಿಯ ಕಾವಲಿತ್ತು, ಶಾಲೆ ಪರಭಾಷೆಯದಾಗಿತ್ತು. ಅಷ್ಟರ ನಡುವೆಯೂ ಒಲೆಯ ಮುಂದಿನ ಮಾತು, ಹಾಡು, ಆಟ ಕಾಪಾಡಿದ್ದು ಅವರ ಗಟ್ಟಿತನ. ನಮಗೆ ಅಡ್ಡ ಇರುವುದು ಒಂದು ಸೀಮೆಕಲ್ಲು. ಆದೋನಿಯಿಂದ ಬಳ್ಳಾರಿಗೆ ಬಸ್ಸು ಸಿಗುತ್ತದೆ. ಮನೆಯಲ್ಲಿ ಮಕ್ಕಳ ಕೂಡ ಎರಡೂ ಮಾತು ಆಡುವುದು, ಎರಡೂ ಅಕ್ಷರ ತಿದ್ದಿಸುವುದು ನಮ್ಮ ಕೈಯಲ್ಲೇ ಇದೆ.

ನಮ್ಮ ಹೊಲಕ್ಕೆ ಬಂದರೆ

ಕಾಳಿನ ವಿಷಯದಲ್ಲೂ ಅದೇ. ಹಿಂದೆ ಶೇಂಗಾ ಹೊಲದಲ್ಲಿ, ಜೋಳದ ಹೊಲದಲ್ಲಿ ಅಕ್ಕಡಿ ಸಾಲಿಗೆ ತೊಗರಿ, ಅಲಸಂದೆ, ಪುಂಡಿ ಬಿದ್ದೇ ಬೀಳುತ್ತಿದ್ದವು. ಮಳೆ ಕೈಕೊಟ್ಟು ಶೇಂಗಾ ಹೋದರೂ, ಬೇರು ಆಳಕ್ಕೆ ಇಳಿಸುವ ತೊಗರಿ ಮನೆಗೆ ನಾಲ್ಕು ಸೇರು ತರುತ್ತಿತ್ತು. ಕಾಳಿನ ಗಿಡದ ಬೇರಿನ ಗಂಟುಗಳು ಗಾಳಿಯ ಸಾರಜನಕ ಹಿಡಿದು ನೆಲಕ್ಕೂ ಗೊಬ್ಬರ ಕೊಡುತ್ತಿದ್ದವು. ಈಗ ಆ ಸಾಲು ತೆಳ್ಳಗಾಗುತ್ತಿದೆ. ಬೆಳೆದವನು ಇಡಿ ತೊಗರಿ ಮಾರಿ ಬರುತ್ತಾನೆ, ಅಂಗಡಿಯಿಂದ ಪಾಲಿಶ್ ಮಾಡಿದ ಬೇಳೆ ಕೊಂಡು ತರುತ್ತಾನೆ. ಇಡಿ ಕಾಳಿನ ಅಡಿಗೆ ಅಂದರೆ ಮಕ್ಕಳಿಗೆ ಹಳ್ಳಿ ಊಟ, ಬಡವರ ಊಟ ಅನ್ನುವ ತಾತ್ಸಾರ. ಜಮೈಕಾದವರು ಅದೇ ಬಡವರ ಊಟಕ್ಕೆ ರಾಜಲಾಂಛನ ಅಂತ ಹೆಸರಿಟ್ಟು ಭಾನುವಾರದ ಪಂಕ್ತಿಯ ನಡುವೆ ಇಟ್ಟರು.

ಬರುವ ಪುಷ್ಯಮಾಸದಲ್ಲಿ ಹಸಿ ತೊಗರಿಕಾಯಿ ಬಂದಾಗ ಎರಡು ಹಿಡಿ ಕಾಳು ಬಿಡಿಸಿಟ್ಟುಕೊಳ್ಳಿ. ಹಿತ್ತಲಿಂದ ದೊಡ್ಡಪತ್ರೆ ಕಿತ್ತು ತನ್ನಿ, ಒಂದು ಕಾಯಿ ಒಡೆಯಿರಿ. ರಾತ್ರಿ ಊಟಕ್ಕೆ ಮಾಡಿ, ಮಕ್ಕಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಈ ಕಾಳು ಯಾವ ಯಾವ ಸಮುದ್ರ ದಾಟಿತು ಅಂತ ಹೇಳುತ್ತಾ ಬಡಿಸಿ. ಕನ್ನಡದಲ್ಲಾದರೂ ಸರಿ, ತೆಲುಗಿನಲ್ಲಾದರೂ ಸರಿ. ಅನ್ನ ಮಿಕ್ಕರೆ ಮರುದಿನ ಬೆಳಿಗ್ಗೆ ಬಾಣಲೆಯಲ್ಲಿ ಬಿಸಿ ಮಾಡಿಕೊಳ್ಳಿ. ತೆಂಗಿನ ಹಾಲಿನ ಅನ್ನ ಬೇಸಿಗೆಯಲ್ಲಿ ಬೇಗ ಹಳಸುತ್ತದೆ, ಅದೊಂದು ನೆನಪಿರಲಿ.